ಹತ್ತಿರದ ಊರು, ಹೊರಗಿನ ವಿದ್ಯಾರ್ಥಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ. ಮಗನನ್ನೋ ಮಗಳನ್ನೋ ಮುಂದಿನ ಓದಿಗೆ ಎಲ್ಲಿಗೆ ಕಳಿಸುವುದು? ಬೀದರ್‌ನಲ್ಲೇ ಇರಿಸುವುದೋ, ಕಲಬುರಗಿಗೆ ಕಳಿಸುವುದೋ, ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಹೆಸರಾದ ಲಾತೂರಿಗೋ, ಇಲ್ಲ ಹೈದರಾಬಾದಿಗೋ? ಈ ನಾಲ್ಕರಲ್ಲಿ ಎರಡು ಊರುಗಳು ಕರ್ನಾಟಕದವು. ಲಾತೂರು ಮಹಾರಾಷ್ಟ್ರದ್ದು, ಹೈದರಾಬಾದ್ ತೆಲಂಗಾಣದ್ದು. ಮನೆಯ ಹಿರಿಯರು ಬಸ್ಸಿನ ಅನುಕೂಲ, ಹಾಸ್ಟೆಲಿನ ಖರ್ಚು, ಅಲ್ಲಿರುವ ನೆಂಟರು ಇವನ್ನೆಲ್ಲ ತೂಗಿ ನೋಡಿ ತೀರ್ಮಾನ ಮಾಡುತ್ತಾರೆ. ಆದರೆ ಎರಡು ಮೂರು ವರ್ಷಗಳ ಮೇಲೆ ಸರ್ಕಾರಿ ಸೀಟಿನ ಅರ್ಜಿ ತುಂಬುವಾಗ ಎದುರಾಗುವ ಪ್ರಶ್ನೆ ಬೇರೆ. ‘ನೀನು ಯಾವ ರಾಜ್ಯದವನು?’ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಹುಟ್ಟಿದ ಊರಿನಿಂದ ಬರುವುದಿಲ್ಲ. ಓದಿದ ವರ್ಷಗಳನ್ನು ಬೆರಳೆಣಿಸಿ ಹೇಳಬೇಕಾಗುತ್ತದೆ.

ಭೂಪಟ ಬಿಡಿಸಿ ನೋಡಿದರೆ ಈ ತೊಡಕಿನ ಬೇರು ಕಾಣುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿ ಸೊಲ್ಲಾಪುರ, ಉಮರ್ಗಾ ದಾಟಿ ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾ ಹಾಯ್ದು ಹುಮನಾಬಾದಿಗೆ ಬರುತ್ತದೆ. ಅಲ್ಲಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುತ್ತದೆ. ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿ.ಮೀ. ಬೆಂಗಳೂರಿಗಾದರೋ 650 ಕಿ.ಮೀ.ಗೂ ಹೆಚ್ಚು. ಬೀದರ್–ಕಲಬುರಗಿ ನಡುವೆ ಹುಮನಾಬಾದಿನ ಮೇಲೆ ಹಾಯುವ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು 2017ರಲ್ಲಿ. ಆಸ್ಪತ್ರೆ, ಬಟ್ಟೆಬರೆ, ಮದುವೆಯ ಚಿನ್ನ ಎಲ್ಲಕ್ಕೂ ಹೈದರಾಬಾದಿನ ದಾರಿ ಹಿಡಿಯುವ ಜನ ಓದಿಗೂ ಅದೇ ದಾರಿ ಹಿಡಿದರೆ ಆಶ್ಚರ್ಯವಿಲ್ಲ.

ಒಂದು ಕಾಲಕ್ಕೆ ಆ ದಾರಿಯಲ್ಲಿ ಗಡಿಯೇ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಇಲ್ಲಿಯವರ ವಿಶ್ವವಿದ್ಯಾಲಯ. ಅದರ ಬೋಧನಾ ಮಾಧ್ಯಮ ಉರ್ದು. ವಿಜ್ಞಾನ, ಕಾನೂನು, ವೈದ್ಯಕೀಯ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಲೆಂದು ಪಠ್ಯಪುಸ್ತಕಗಳ ಭಾಷಾಂತರಕ್ಕೇ ಒಂದು ಸಂಸ್ಥೆ ಇತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು ಎಂಬ ಮೂರು ಭಾಷೆಗಳ ನಡುವೆ ಬೆಳೆದ ಹುಡುಗರು ಕಾಲೇಜಿಗಾಗಿ ಹೈದರಾಬಾದಿಗೆ ಹೋಗುತ್ತಿದ್ದರು. ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದ ವೀರೇಂದ್ರ ಪಾಟೀಲ, ಧರ್ಮಸಿಂಗ್ ಇಬ್ಬರೂ ಉಸ್ಮಾನಿಯಾದಲ್ಲಿ ಓದಿದವರು.

ಆಗ ಗಡಿ ಇಲ್ಲದಿದ್ದರೂ ‘ಒಳಗಿನವನು, ಹೊರಗಿನವನು’ ಎಂಬ ಲೆಕ್ಕ ಇಲ್ಲದಿರಲಿಲ್ಲ. ನಿಜಾಮರ ಆಡಳಿತದಲ್ಲಿ ಸರ್ಕಾರಿ ನೌಕರಿಗೆ ‘ಮುಲ್ಕಿ’ ಎನಿಸಿಕೊಳ್ಳಬೇಕಿತ್ತು. ಮುಲ್ಕಿ ಎಂದರೆ ಆ ನಾಡಿನವನು. ಹೊರಗಿನಿಂದ ಬಂದವನು 15 ವರ್ಷ ನೆಲೆಸಿದ ಮೇಲೆಯೇ ಆ ಹಕ್ಕು ಪಡೆಯುತ್ತಿದ್ದ. ಉತ್ತರ ಹಿಂದುಸ್ತಾನದಿಂದ ಬಂದ ಅಧಿಕಾರಿಗಳೇ ಹುದ್ದೆಗಳನ್ನೆಲ್ಲ ತುಂಬುತ್ತಾರೆಂಬ ಸ್ಥಳೀಯರ ಅಸಮಾಧಾನ ಈ ನಿಯಮದ ಹಿಂದಿತ್ತು. ಹುಮನಾಬಾದಿನ ಕನ್ನಡಿಗನೂ ವರಂಗಲ್ಲಿನ ತೆಲುಗನೂ ಔರಂಗಾಬಾದಿನ ಮರಾಠಿಗನೂ ಆಗ ಸಮಾನವಾಗಿ ಮುಲ್ಕಿಗಳು.

ಓದಿಗಾಗಿ ಗಡಿ ದಾಟಿದ ಪ್ರಸಿದ್ಧ ಪ್ರಸಂಗವೂ ಅದೇ ಕಾಲದ್ದು. 1938ರ ಕೊನೆಯಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಸಂಸ್ಥಾನದ ಆಚೆಗಿದ್ದ ನಾಗಪುರ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು. ಹಾಗೆ ಹೊರಬಿದ್ದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು. ಒಂದು ವಿಶ್ವವಿದ್ಯಾಲಯ ಮುಚ್ಚಿದ ಬಾಗಿಲನ್ನು ಇನ್ನೊಂದು ತೆರೆಯಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

1956ರಲ್ಲಿ ಭಾಷಾವಾರು ಪ್ರಾಂತ್ಯ ರಚನೆಯಾದಾಗ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್ ಜಿಲ್ಲೆಯೂ ಹಾಗೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಭಾಗಗಳು ಆಂಧ್ರಕ್ಕೆ ಸೇರಿದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಒಂದೇ ಜಿಲ್ಲೆಯ ಬೀಗರು ಬಿಜ್ಜರು ಮೂರು ರಾಜ್ಯಗಳ ಪ್ರಜೆಗಳಾದರು. ಇಲ್ಲಿನ ಕಾಲೇಜುಗಳ ಸಂಬಂಧ ಉಸ್ಮಾನಿಯಾದಿಂದ ಕಡಿದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕೂಡಿಕೊಂಡಿತು. ಪರೀಕ್ಷೆಯ ಒಂದು ಅಂಕಪಟ್ಟಿಗಾಗಿ ಧಾರವಾಡದವರೆಗೆ ಹೋಗಬೇಕಾದ ಆ ಸ್ಥಿತಿ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಮುಂದುವರಿಯಿತು. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆದದ್ದು ಈ ಭಾಗಕ್ಕೆ ದೊಡ್ಡ ಆಸರೆಯಾಯಿತು. ಬೀದರ್‌ಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ.

ಅತ್ತ ಹೈದರಾಬಾದಿನಲ್ಲಿ ಮುಲ್ಕಿ ಪ್ರಶ್ನೆ ಸತ್ತಿರಲಿಲ್ಲ. ಮುಲ್ಕಿ ನಿಯಮಗಳು ಸಿಂಧುವೆಂದು ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿದ ಮೇಲೆ ಆಂಧ್ರ ಭಾಗದಲ್ಲಿ ಭಾರಿ ಚಳವಳಿಯೆದ್ದಿತು. ಅದರ ಪರಿಹಾರವಾಗಿ ಬಂದದ್ದು ಸಂವಿಧಾನದ 371-ಡಿ ವಿಧಿ. ಅದರಡಿ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶ ಉಸ್ಮಾನಿಯಾ ಪ್ರದೇಶದ ಕಾಲೇಜುಗಳಲ್ಲಿ ಶೇ 85 ಸೀಟುಗಳನ್ನು ಆ ಪ್ರದೇಶದ ಸ್ಥಳೀಯರಿಗೇ ಕಾದಿರಿಸಿತು. 18 ವರ್ಷಗಳ ಹಿಂದೆ ಮುಲ್ಕಿಯಾಗಿದ್ದ ಹುಮನಾಬಾದಿನವನು ಈ ಆದೇಶದ ಕಣ್ಣಿನಲ್ಲಿ ಹೊರಗಿನವನು. ಅವನ ಊರು ಕದಲಿರಲಿಲ್ಲ, ಗಡಿ ಕದಲಿತ್ತು.

ಇತ್ತ ಕರ್ನಾಟಕದೊಳಗೂ ಅಂಥದೇ ಬೇಡಿಕೆ ಬೆಳೆಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ವೈಜನಾಥ ಪಾಟೀಲ ಮೊದಲಾದವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371-ಜೆ ವಿಧಿ ಬಂತು. 2013ರ ಆದೇಶದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಇಲ್ಲಿಯವರಿಗೆ ಮೀಸಲು. ಅದರಿಂದ ಎಷ್ಟೋ ಬಡ ಮನೆಗಳ ಮಕ್ಕಳು ವೈದ್ಯರೂ ಇಂಜಿನಿಯರರೂ ಆಗುವಂತಾಯಿತು. ಆದರೆ ಈ ಮೀಸಲು ರಾಜ್ಯದ ಕೋಟಾದೊಳಗಿನದು. ಮೊದಲು ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಬೇಕು, ಆಮೇಲೆ 371-ಜೆ ಪ್ರಮಾಣಪತ್ರದ ಮಾತು.

ಕರ್ನಾಟಕದ ಅಭ್ಯರ್ಥಿ ಯಾರು? ಪ್ರವೇಶ ನಿಯಮದ ಮೊದಲ ಕಲಮಿನ ಪ್ರಕಾರ ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲೊಂದನ್ನು ಇಲ್ಲಿಯೇ ಪಾಸು ಮಾಡಿರಬೇಕು. ತೆಲಂಗಾಣ ತನ್ನ ವೈದ್ಯಕೀಯ ಸೀಟುಗಳಿಗೆ 2024ರಲ್ಲಿ ಮಾಡಿದ ನಿಯಮ ಹನ್ನೆರಡನೆಯ ತರಗತಿಗೆ ಮುಗಿಯುವ ಸತತ 4 ವರ್ಷಗಳ ಓದು ಆ ರಾಜ್ಯದಲ್ಲೇ ಆಗಿರಬೇಕೆನ್ನುತ್ತದೆ. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈ ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ಹುಮನಾಬಾದಿನ ಮೂವರು ಹುಡುಗಿಯರನ್ನು ಊಹಿಸಿಕೊಳ್ಳೋಣ. ಮೊದಲನೆಯವಳು ಹತ್ತನೆಯ ತರಗತಿ ಊರಲ್ಲೇ ಮುಗಿಸಿ ಕೊನೆಯ ಎರಡು ವರ್ಷ ಹೈದರಾಬಾದಿನಲ್ಲಿ ಓದಿದಳು. ಹತ್ತು ವರ್ಷದ ಓದೂ ಎಸ್‌ಎಸ್‌ಎಲ್‌ಸಿಯೂ ಇಲ್ಲಿಯವೇ ಆದ್ದರಿಂದ ಅವಳು ಕರ್ನಾಟಕದವಳು. ಎರಡನೆಯವಳು ಎಂಟನೆಯ ತರಗತಿ ಮುಗಿಸಿ ಹೋದಳು, ಒಂಬತ್ತರಿಂದ ಹನ್ನೆರಡರವರೆಗೆ ಅಲ್ಲೇ ಓದಿದಳು. ಅವಳು ತೆಲಂಗಾಣದ ಸ್ಥಳೀಯಳಾಗುತ್ತಾಳೆ. ಆದರೆ ಎಂಟು ವರ್ಷ ಇಲ್ಲಿ ಓದಿದ್ದರೂ ಎರಡು ಪರೀಕ್ಷೆಗಳಲ್ಲಿ ಒಂದೂ ಇಲ್ಲಿಯದಲ್ಲವಾದ್ದರಿಂದ ಕರ್ನಾಟಕದ ಈ ಕಲಮು ಅವಳಿಗೆ ಸಿಗದು. ಮೂರನೆಯವಳು ಒಂಬತ್ತನೆಯ ತರಗತಿ ಮುಗಿಸಿ ಹತ್ತನೆಯದಕ್ಕೆ ಹೋದಳು. ಅಲ್ಲಿ ಅವಳ ಓದು ಮೂರೇ ವರ್ಷ, ನಾಲ್ಕಾಗಲಿಲ್ಲ. ಇಲ್ಲಿ ಒಂಬತ್ತು ವರ್ಷವಿದ್ದರೂ ಒಂದೂ ಪರೀಕ್ಷೆಯಿಲ್ಲ. ಇತರ ಕಲಮುಗಳಲ್ಲಿ ಸೈನಿಕರು, ಕೇಂದ್ರ ಸರ್ಕಾರಿ ನೌಕರರು ಮುಂತಾದವರ ಮಕ್ಕಳಿಗೆ ದಾರಿಯುಂಟು. ಹೊಲಮನೆಯನ್ನೇ ನಂಬಿದ ಅಪ್ಪನ ಮಗಳಿಗೆ ಆ ದಾರಿಯೂ ಇಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅವಳಿಗೆ ಉಳಿಯುವುದು ಅಖಿಲ ಭಾರತ ಕೋಟಾದ ಶೇ 15 ಸೀಟು. ಅದೂ ಸಿಗದಿದ್ದರೆ ಖಾಸಗಿ ಕಾಲೇಜಿನ ದುಬಾರಿ ಶುಲ್ಕ. ಅವಳ ರೇಷನ್ ಕಾರ್ಡು, ಜಮೀನಿನ ಪಹಣಿ, ಅಪ್ಪನ ಮತ ಎಲ್ಲವೂ ಹುಮನಾಬಾದಿನವೇ.

ಸಂವಿಧಾನ ಜನ್ಮಸ್ಥಳದ ಆಧಾರದ ಮೇಲೆ ಭೇದ ಮಾಡಬಾರದೆಂದು ಹೇಳುತ್ತದಲ್ಲ ಎಂದು ಓದುಗರು ಕೇಳಬಹುದು. ಈ ಪ್ರಶ್ನೆ 1955ರಲ್ಲಿಯೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತದವರಲ್ಲದ ವಿದ್ಯಾರ್ಥಿಗಳಿಂದ ಹೆಚ್ಚಿನ ಶುಲ್ಕ ಪಡೆಯುತ್ತಿತ್ತು. ದೆಹಲಿಯ ಒಬ್ಬ ವಿದ್ಯಾರ್ಥಿ ಅದನ್ನು ಪ್ರಶ್ನಿಸಿದ. ಜನ್ಮಸ್ಥಳ ಬೇರೆ, ವಾಸಸ್ಥಳ ಬೇರೆ. ವಾಸಸ್ಥಳದ ಆಧಾರದ ಭೇದವನ್ನು 15ನೆಯ ವಿಧಿ ತಡೆಯುವುದಿಲ್ಲ ಎಂದು ಬಹುಮತದ ತೀರ್ಪು ಬಂತು. ರಾಜ್ಯದ ತೆರಿಗೆಯಿಂದ ನಡೆಯುವ ಕಾಲೇಜು ರಾಜ್ಯದ ಮಕ್ಕಳಿಗೆ ಮೊದಲ ಮಣೆ ಹಾಕುವುದು ತಪ್ಪಲ್ಲ ಎಂಬುದು ಇದರ ಹಿಂದಿನ ನ್ಯಾಯ. ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದಲ್ಲಿ ಮಾತ್ರ ವಾಸಸ್ಥಳದ ಮೀಸಲು ಸಲ್ಲದೆಂದು 2025ರ ಜನವರಿಯಲ್ಲಿ ಕೋರ್ಟು ತೀರ್ಪಿತ್ತಿದೆ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದ ಗಡಿಗೆ ತಾಗಿಕೊಂಡ ಊರುಗಳ ಕೆನಡಾ ವಿದ್ಯಾರ್ಥಿಗಳಿಗೂ ಆಚೆಯ ವಿಶ್ವವಿದ್ಯಾಲಯ ತಮ್ಮ ದೇಶದ ದೊಡ್ಡ ಊರಿಗಿಂತ ಹತ್ತಿರವಿರುವುದುಂಟು. ಕೆನಡಾದ ಪೌರನಿಗೆ ಓದಲು ಹೋಗಲು ವೀಸಾ ಬೇಕಿಲ್ಲ. ಸೇರಿಸಿಕೊಂಡ ಕಾಲೇಜು ಕೊಟ್ಟ ಐ–20 ಎಂಬ ಪತ್ರವನ್ನು ಗಡಿಯಲ್ಲಿ ತೋರಿಸಬೇಕು. ತೊಡಕು ಗಡಿಕಟ್ಟೆಯಲ್ಲಿಲ್ಲ, ಶುಲ್ಕದ ಕೌಂಟರಿನಲ್ಲಿದೆ. ಅಮೆರಿಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸ್ವಂತ ರಾಜ್ಯದವರಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಪಕ್ಕದ ರಾಜ್ಯದ ಅಮೆರಿಕನ್ನನೂ ಹೊರಗಿನವನೇ. ಅರ್ಜಿ ಹಾಕುವಾಗ ಹೊರಗಿದ್ದವನನ್ನು ಓದು ಮುಗಿಯುವವರೆಗೆ ಹೊರಗಿನವನೆಂದೇ ಎಣಿಸುತ್ತಿದ್ದ ಕನೆಕ್ಟಿಕಟ್ ರಾಜ್ಯದ ಕಾನೂನನ್ನು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹೆಚ್ಚಿನ ಶುಲ್ಕ ಪಡೆಯಲಿ, ಆದರೆ ತಾನು ಇಲ್ಲಿಯವನೆಂದು ತೋರಿಸಿಕೊಡಲು ವಿದ್ಯಾರ್ಥಿಗೆ ಅವಕಾಶ ಇರಬೇಕು ಎಂಬುದು ಆ ತೀರ್ಪಿನ ಸಾರ. ಇನ್ನೂ ಮುಂದೆ ಹೋದವರೂ ಇದ್ದಾರೆ. ಅಮೆರಿಕದ ಮಿನೆಸೋಟ ರಾಜ್ಯವೂ ಅದಕ್ಕೆ ತಾಗಿದ ಕೆನಡಾದ ಮ್ಯಾನಿಟೋಬ ಪ್ರಾಂತ್ಯವೂ ಪರಸ್ಪರ ಒಪ್ಪಂದ ಮಾಡಿಕೊಂಡಿವೆ. ಅದರಂತೆ ಆಚೆ ಈಚೆಯ ವಿದ್ಯಾರ್ಥಿಗಳು ಹೊರಗಿನವರ ದರ ತೆರದೆ ಸಾರ್ವಜನಿಕ ಕಾಲೇಜುಗಳಲ್ಲಿ ಓದಬಹುದು. ಎರಡು ದೇಶಗಳ ನಡುವೆ ಸಾಧ್ಯವಾದದ್ದು ಎರಡು ರಾಜ್ಯಗಳ ನಡುವೆ ಯಾಕಾಗಬಾರದು?

ಕರ್ನಾಟಕಕ್ಕೆ ಈ ವಿಚಾರ ಹೊಸದೇನಲ್ಲ. ‘ಗಡಿನಾಡ ಕನ್ನಡಿಗ’ ಎಂಬ ಕಲಮಿನಡಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಕಾಸರಗೋಡು ಮೊದಲಾದ ಕಡೆ ಓದಿದ ಕನ್ನಡ ಮಾತೃಭಾಷೆಯ ಮಕ್ಕಳು ಕರ್ನಾಟಕದ ಸೀಟಿಗೆ ಅರ್ಜಿ ಹಾಕಬಹುದು. ಗಡಿಯ ಆಚೆ ಉಳಿದವರು ನಮ್ಮವರೆಂದು ಒಪ್ಪಿದ ನಿಯಮ ಅದು. ಆದರೆ ಗಡಿಯ ಈಚೆಯೇ ಇದ್ದು, ಹತ್ತಿರದ ದೊಡ್ಡ ಊರು ಆಚೆಗಿದೆಯೆಂಬ ಕಾರಣಕ್ಕೆ ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದವರ ವಿಷಯದಲ್ಲಿ ನಿಯಮ ಸುಮ್ಮನಿದೆ. ಅಕ್ಕಲಕೋಟೆಯಲ್ಲಿ ಹುಟ್ಟಿ ಅಲ್ಲೇ ಓದಿದ ಹುಡುಗ ಕರ್ನಾಟಕದವನಾಗಬಲ್ಲ. ಹುಮನಾಬಾದಿನಲ್ಲಿ ಹುಟ್ಟಿ ಒಂಬತ್ತು ವರ್ಷ ಅಲ್ಲೇ ಓದಿದ ಹುಡುಗಿ ಆಗಲಾರಳು. ಗಡಿ ತಾಲೂಕುಗಳ ಮಟ್ಟಿಗಾದರೂ ತಂದೆತಾಯಿಯ ವಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಕಲಮು ಸೇರಿಸಿದರೆ ಈ ಕೊರತೆ ತುಂಬುತ್ತದೆ. ಅಂಥ ಮಕ್ಕಳ ಸಂಖ್ಯೆ ದೊಡ್ಡದಿರಲಾರದು, ಹೊರೆಯೂ ದೊಡ್ಡದಾಗದು.

2019ರಲ್ಲಿ ಸರ್ಕಾರ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ತೆಗೆದು ‘ಕಲ್ಯಾಣ ಕರ್ನಾಟಕ’ ಎಂದು ಕರೆಯಿತು. ಆ ಹೆಸರು ಬಂದದ್ದು ಬಸವಕಲ್ಯಾಣದಿಂದಲೇ. ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ ಅಫಘಾನಿಸ್ತಾನದ ಕಡೆಯಿಂದ ಮರುಳಶಂಕರದೇವನೂ ಅರಿವನ್ನು ಅರಸಿ ಬಂದರೆಂದು ಶರಣ ಪರಂಪರೆ ಹೇಳುತ್ತದೆ. ಅನುಭವ ಮಂಟಪದಲ್ಲಿ ಯಾರನ್ನೂ ಎಷ್ಟು ವರ್ಷದ ವಾಸವೆಂದು ಕೇಳಿದ ಕಥೆಯಿಲ್ಲ. ಇಂದಿನ ಕಾಲೇಜು ಹಾಗೆ ನಡೆಯಲಾರದು ನಿಜ. ಸೀಟು ಕಡಿಮೆ, ಕೇಳುವವರು ಹೆಚ್ಚು. ನಿಯಮ ಬದಲಾಗುವವರೆಗೆ ಈ ಭಾಗದ ತಂದೆತಾಯಂದಿರು ಒಂದು ಕೆಲಸ ಮಾಡಬೇಕು. ಮಗುವನ್ನು ಗಡಿಯಾಚೆಯ ಶಾಲೆಗೆ ಸೇರಿಸುವ ಮುಂಚೆ ಆ ವರ್ಷದ ಪ್ರವೇಶ ಕೈಪಿಡಿ ಓದಿ, ಯಾವ ತರಗತಿ ಎಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಎಣಿಸಿ ನೋಡಬೇಕು. ಹತ್ತನೆಯ ತರಗತಿಯ ಪರೀಕ್ಷೆಯೊಂದನ್ನು ಊರಲ್ಲೇ ಬರೆಸಿ ಕಳಿಸಿದರೂ ಮೂರನೆಯ ಹುಡುಗಿಯ ಗತಿ ಬರುವುದಿಲ್ಲ.