ಕ್ರೈಸ್ತ ಧರ್ಮವನ್ನು ರೋಮ್‌ನ ರಾಜಧರ್ಮ ಮಾಡಿದ್ದು ಕಾನ್‌ಸ್ಟಾಂಟೈನನೇ?

1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡ ಕಥೆಯನ್ನು ಶಾಲೆಯ ಇತಿಹಾಸ ಪಾಠದಲ್ಲಿ ಓದಿರುತ್ತೇವೆ. ಆ ನಗರಕ್ಕೆ ಹೆಸರು ಬಂದದ್ದು ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೈನ್‌ನಿಂದ. ಅವನ ಬಗ್ಗೆ ಮೂರು ಮಾತುಗಳು ಬಹಳ ಪ್ರಚಲಿತ: ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದ, ಬೈಬಲ್‌ನಲ್ಲಿ ಏನಿರಬೇಕೆಂದು ತೀರ್ಮಾನಿಸಿದ, ಪೋಪ್‌ಗೆ ರಾಜ್ಯಾಧಿಕಾರ ಬಿಟ್ಟುಕೊಟ್ಟ. ಮೂರೂ ತಪ್ಪು. ಹಾಗಾದರೆ ಅವನು ನಿಜಕ್ಕೂ ಮಾಡಿದ್ದೇನು?

ರಾಜಧರ್ಮ ಮಾಡಿದನೇ?

ಇಲ್ಲ. ಕ್ರಿ.ಶ. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಲು, ಕ್ರೈಸ್ತರ ಧರ್ಮಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ್ದ. 312ರಲ್ಲಿ ರೋಮ್ ಬಳಿಯ ಮಿಲ್ವಿಯನ್ ಸೇತುವೆಯ ಯುದ್ಧದಲ್ಲಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ ಕಾನ್‌ಸ್ಟಾಂಟೈನ್, ಗೆಲುವಿಗೆ ಕ್ರೈಸ್ತರ ದೇವರೇ ಕಾರಣ ಎಂದು ನಂಬಿದ. 313ರಲ್ಲಿ ಸಹ ಚಕ್ರವರ್ತಿ ಲಿಸಿನಿಯಸ್ ಜೊತೆ ಮಿಲಾನ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದ. ಅದರ ಪ್ರಕಾರ ಯಾರು ಯಾವ ದೇವರನ್ನು ಬೇಕಾದರೂ ಪೂಜಿಸಬಹುದಿತ್ತು. ಕ್ರೈಸ್ತರಿಂದ ಕಿತ್ತುಕೊಂಡ ಆಸ್ತಿಯನ್ನು ಹಿಂತಿರುಗಿಸಬೇಕಿತ್ತು.

ಅಂದರೆ ಕ್ರೈಸ್ತ ಧರ್ಮಕ್ಕೆ ಸಿಕ್ಕಿದ್ದು ಕಾನೂನಿನ ಮಾನ್ಯತೆ ಮತ್ತು ಚಕ್ರವರ್ತಿಯ ಬೆಂಬಲ. ಹಳೆಯ ದೇವತೆಗಳ ಪೂಜೆಯೂ ನಡೆದೇ ಇತ್ತು. ಗೆದ್ದ ಮೇಲೂ ಹಲವು ವರ್ಷ ಅವನ ನಾಣ್ಯಗಳ ಮೇಲೆ ಸೂರ್ಯದೇವನ ಚಿತ್ರವಿತ್ತು. 321ರಲ್ಲಿ ಭಾನುವಾರದ ರಜೆ ಘೋಷಿಸಿದ ಕಾನೂನಿನಲ್ಲಿ ಆ ದಿನವನ್ನು ಕರೆದದ್ದು ಸೂರ್ಯನ ದಿನ ಎಂದೇ. ಕ್ರೈಸ್ತ ಧರ್ಮ ರಾಜಧರ್ಮವಾದದ್ದು 380ರಲ್ಲಿ, ಚಕ್ರವರ್ತಿ ಥಿಯೋಡೋಸಿಯಸ್ ಕಾಲದಲ್ಲಿ. ಅಷ್ಟರಲ್ಲಿ ಕಾನ್‌ಸ್ಟಾಂಟೈನ್ ಸತ್ತು 43 ವರ್ಷಗಳಾಗಿದ್ದವು.

ಬೈಬಲ್ ಅನ್ನು ಅವನು ತೀರ್ಮಾನಿಸಿದನೇ?

325ರಲ್ಲಿ ಅವನು ನೈಸಿಯಾದಲ್ಲಿ (ಇಂದಿನ ಟರ್ಕಿಯ ಇಝ್ನಿಕ್) ಬಿಷಪ್‌ಗಳ ಸಭೆ ಕರೆದದ್ದು ನಿಜ. ಆದರೆ ಬೈಬಲ್‌ನ ಪುಸ್ತಕಗಳ ಆಯ್ಕೆ ಅಲ್ಲಿ ನಡೆಯಲಿಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಸ್ಪಷ್ಟವಾಗಿ ಕಾಣಿಸುವುದು 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಬರೆದ ಪತ್ರದಲ್ಲಿ.

ನೈಸಿಯಾದ ಮುಖ್ಯ ಜಗಳವೇ ಬೇರೆ. ಯೇಸು ತಂದೆಯಾದ ದೇವರಿಗೆ ಸಮಾನನಲ್ಲ, ದೇವರಿಂದ ಸೃಷ್ಟಿಯಾದವನು ಎಂದು ಏರಿಯಸ್ ಎಂಬ ಪಾದ್ರಿ ವಾದಿಸುತ್ತಿದ್ದ. ಸಭೆ ಅದನ್ನು ತಿರಸ್ಕರಿಸಿತು. ಚಕ್ರವರ್ತಿ ಏರಿಯಸ್‌ನನ್ನು ಗಡೀಪಾರು ಮಾಡಿದ.

ನಿಜವಾದ ಪ್ರಭಾವ ಇಲ್ಲಿದೆ

ಕೆಲವೇ ವರ್ಷಗಳಲ್ಲಿ ಚಕ್ರವರ್ತಿ ಮನಸ್ಸು ಬದಲಿಸಿ ಏರಿಯಸ್‌ನನ್ನು ವಾಪಸ್ ಕರೆಸಿದ. 335ರಲ್ಲಿ ಅವನ ಕಟ್ಟಾ ವಿರೋಧಿ ಅಥನೇಷಿಯಸ್‌ನನ್ನೇ ಗಡೀಪಾರು ಮಾಡಿದ. 337ರಲ್ಲಿ ಸಾವಿನ ಹಾಸಿಗೆಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟವನೂ ಹಿಂದೆ ಏರಿಯಸ್ ಪರ ನಿಂತಿದ್ದ ಬಿಷಪ್.

ಹೀಗೆ ಚರ್ಚಿನೊಳಗಿನ ತಾತ್ವಿಕ ಚರ್ಚೆಯ ಸೋಲು ಗೆಲುವು ಸರ್ಕಾರ ಕೊಡುವ ಶಿಕ್ಷೆಯ ವಿಷಯವಾಯಿತು. ಒಂದು ಪೀಳಿಗೆಯ ಹಿಂದೆ ಆಳುವವರಿಂದ ಹಿಂಸೆ ಅನುಭವಿಸಿದ್ದ ಬಿಷಪ್‌ಗಳು, ಈಗ ತಮ್ಮ ಎದುರಾಳಿಗಳನ್ನು ಮಣಿಸಲು ಅದೇ ಆಳುವವರ ನೆರವು ಕೇಳತೊಡಗಿದರು. ಯುರೋಪಿನಲ್ಲಿ ರಾಜರು ಮತ್ತು ಚರ್ಚಿನ ನಡುವೆ ಶತಮಾನಗಳ ಕಾಲ ನಡೆದ ಹಗ್ಗಜಗ್ಗಾಟದ ಬೇರು ಇಲ್ಲಿದೆ.

ಪೋಪ್‌ಗೆ ರಾಜ್ಯ ಕೊಟ್ಟನೇ?

ರೋಮ್ ಮತ್ತು ಪಶ್ಚಿಮದ ಪ್ರಾಂತ್ಯಗಳನ್ನು ಕಾನ್‌ಸ್ಟಾಂಟೈನ್ ಪೋಪ್‌ಗೆ ದಾನ ಮಾಡಿದ ಎನ್ನುವ ಒಂದು ಪತ್ರವಿತ್ತು. ಮಧ್ಯಯುಗದಲ್ಲಿ ಪೋಪ್‌ಗಳ ಪರವಾಗಿ ಅದನ್ನು ಪುರಾವೆಯಾಗಿ ಮುಂದಿಡಲಾಗುತ್ತಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಭಾಷೆಯನ್ನೇ ಪರೀಕ್ಷೆಗೆ ಒಡ್ಡಿದ. ಕಾನ್‌ಸ್ಟಾಂಟೈನ್ ಕಾಲದ ರೋಮನ್ನರು ತಮ್ಮ ಅಧಿಕಾರಿಗಳನ್ನು ‘ಸತ್ರಪ’ರೆಂದು ಕರೆಯುತ್ತಿರಲಿಲ್ಲ, ಪತ್ರದಲ್ಲಿ ಆ ಪದವಿತ್ತು! ಅದು ನಕಲಿ ಎಂಬುದು ಇಂದು ಎಲ್ಲರೂ ಒಪ್ಪಿದ ಮಾತು. ಬಹುಶಃ 8ನೇ ಶತಮಾನದ ಸೃಷ್ಟಿ.

ಅಧಿಕಾರ ಬೇಕಾದವರು ದೊಡ್ಡವರ ಹೆಸರಿನಲ್ಲಿ ಇತಿಹಾಸ ಸೃಷ್ಟಿಸುವುದು ಹೊಸದೇನಲ್ಲ. ವಲ್ಲಾ ಕೇಳಿದ ಪ್ರಶ್ನೆ ಇಂದು ಮೊಬೈಲ್‌ಗೆ ಬರುವ ಫಾರ್ವರ್ಡ್‌ಗಳಿಗೂ ಸಲ್ಲುತ್ತದೆ: ಇದನ್ನು ಬರೆದದ್ದು ಯಾವಾಗ, ಇದರಿಂದ ಲಾಭ ಯಾರಿಗೆ?