ಕೈ ತಿರುಗಿಸಿದಷ್ಟೇ ಸಿನಿಮಾ

ಮಕ್ಕಳ ಎರಡು ಕೈಗಳಿಗೆ ಹಿಡಿಸುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಂದು ತುದಿಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಇನ್ನೊಂದು ತುದಿಯಲ್ಲಿ ಬೆಳಕು ಒಳಬರುವ ಜಾಗ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಬ್ಯಾಟರಿ ಇಲ್ಲ, ಬಲ್ಬಿಲ್ಲ, ಸದ್ದೂ ಇಲ್ಲ. ಕ್ಯಾಸೆಟ್ಟೊಂದನ್ನು ಸಿಕ್ಕಿಸಿ, ಬೆಳಕಿನತ್ತ ಹಿಡಿದು, ಹಿಡಿಕೆ ತಿರುಗಿಸಿದರೆ ಒಳಗೆ ಮಿಕ್ಕಿ ಮೌಸ್ ಓಡತೊಡಗುತ್ತಾನೆ. ಬೇಗ ತಿರುಗಿಸಿದರೆ ಬೇಗ ಓಡುತ್ತಾನೆ, ನಿಧಾನ ಮಾಡಿದರೆ ನಿಧಾನ. ಕೈ ನಿಂತರೆ ಒಂದು ಕಾಲನ್ನು ಗಾಳಿಯಲ್ಲೇ ಎತ್ತಿಕೊಂಡು ನಿಲ್ಲುತ್ತಾನೆ. ಹಿಂದಕ್ಕೆ ತಿರುಗಿಸಿದರೆ ಬಂದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸಾಗುತ್ತಾನೆ.

ಅಮೆರಿಕದ ಫಿಶರ್-ಪ್ರೈಸ್ ಕಂಪನಿ 1973ರಲ್ಲಿ ಹೊರತಂದ ‘ಮೂವಿ ವ್ಯೂವರ್’ ಇದು. ನ್ಯೂಯಾರ್ಕ್ ರಾಜ್ಯದ ಈಸ್ಟ್ ಅರೋರಾ ಎಂಬ ಊರಿನಲ್ಲಿ 1930ರಲ್ಲಿ ಮರದ ಆಟಿಕೆಗಳಿಂದ ಆರಂಭವಾದ ಕಂಪನಿ, ನಾಲ್ಕು ದಶಕಗಳ ನಂತರ ಸಿನಿಮಾವನ್ನೇ ಆಟಿಕೆ ಮಾಡಿ ಮಕ್ಕಳ ಕೈಗಿತ್ತಿತು. ಡಬ್ಬಿಯ ಜೊತೆಗೆ ಬರುತ್ತಿದ್ದ ಕ್ಯಾಸೆಟ್ಟು ಡಿಸ್ನಿಯ 1937ರ ಕಿರುಚಿತ್ರ ‘ಲೋನ್ಸಮ್ ಗೋಸ್ಟ್ಸ್’ನ ತುಣುಕು. ಮಿಕ್ಕಿ, ಡೊನಾಲ್ಡ್, ಗೂಫಿ ಮೂವರೂ ಪಾಳುಮನೆಯೊಂದಕ್ಕೆ ದೆವ್ವ ಹಿಡಿಯಲು ಹೋಗಿ ಪಡುವ ಪಾಡು ಅದರ ಕಥೆ. ಎಪ್ಪತ್ತರ ದಶಕದಲ್ಲಿ ಬೆಳೆದ ಅಮೆರಿಕನ್ನರಲ್ಲಿ ಎಷ್ಟೋ ಮಂದಿಗೆ ಈ ದೆವ್ವಗಳ ಪರಿಚಯವಾದದ್ದು ಚಿತ್ರಮಂದಿರದಲ್ಲಲ್ಲ, ಈ ಕಿಂಡಿಯಲ್ಲಿ.

ಕಿಂಡಿಯಲ್ಲಿ ಕಣ್ಣಿಟ್ಟು ಸಿನಿಮಾ ನೋಡುವ ರೂಢಿ ಪರದೆಗಿಂತ ಹಳೆಯದು. ಎಡಿಸನ್ ಅವರ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬ ತಂತ್ರಜ್ಞರು ರೂಪಿಸಿದ ‘ಕೈನೆಟೋಸ್ಕೋಪ್’ ಪೆಟ್ಟಿಗೆಗಳು 1894ರ ಏಪ್ರಿಲ್ 14ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಸಾಲಾಗಿ ಹತ್ತು ಪೆಟ್ಟಿಗೆ. ಪ್ರತಿಯೊಂದರೊಳಗೂ ಸುಮಾರು 50 ಅಡಿಯ ಫಿಲ್ಮು, ತುದಿಗೆ ತುದಿ ಸೇರಿಸಿದ ಸುತ್ತು. ಅದೇ ದಶಕದಲ್ಲಿ ಬಂದ ‘ಮ್ಯೂಟೋಸ್ಕೋಪ್’ನಲ್ಲಿ ಫಿಲ್ಮಿನ ಬದಲು ಫೋಟೊ ಕಾರ್ಡುಗಳಿದ್ದವು. ನೋಡುವವರೇ ಹಿಡಿಕೆ ತಿರುಗಿಸಿದರೆ ಕಾರ್ಡುಗಳು ಪಟಪಟನೆ ಮಗುಚಿ ಚಿತ್ರ ಚಲಿಸುತ್ತಿತ್ತು. ಒಂದರ ಸುತ್ತು, ಇನ್ನೊಂದರ ಹಿಡಿಕೆ: ಫಿಶರ್-ಪ್ರೈಸ್ ಡಬ್ಬಿಯಲ್ಲಿ ಇವೆರಡೂ ಒಟ್ಟಿಗೆ ಬಂದವು.

ಇಷ್ಟು ಚಿಕ್ಕ ಡಬ್ಬಿಯೊಳಗೆ ಇದು ಸಾಧ್ಯವಾದದ್ದು ಕೊಡಾಕ್ ಕಂಪನಿ 1965ರಲ್ಲಿ ತಂದ ಸೂಪರ್ 8 ಫಿಲ್ಮಿನಿಂದ. ಅಗಲ ಎಂಟೇ ಮಿಲಿಮೀಟರ್. ಒಂದು ಅಡಿ ಫಿಲ್ಮಿನಲ್ಲಿ 72 ಚಿತ್ರಚೌಕಗಳು ಕೂರುತ್ತವೆ. ಮೂಕಿ ಚಿತ್ರಕ್ಕೆ ರೂಢಿಯಾದ ಸೆಕೆಂಡಿಗೆ 18 ಚೌಕಗಳ ವೇಗದಲ್ಲಿ ಲೆಕ್ಕ ಹಾಕಿದರೆ ಅಡಿಗೆ ನಾಲ್ಕು ಸೆಕೆಂಡುಗಳ ಸಿನಿಮಾ. ಹಿಡಿಕೆ ತಿರುಗಿದಾಗ ಪುಟ್ಟ ಕೊಕ್ಕೆಯೊಂದು ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿಕೊಂಡು ಒಂದು ಚೌಕವನ್ನು ಕೆಳಕ್ಕೆಳೆಯುತ್ತದೆ, ಬಿಡುತ್ತದೆ, ಮತ್ತೆ ಮುಂದಿನದನ್ನು ಹಿಡಿಯುತ್ತದೆ. ಸುತ್ತು ಫಿಲ್ಮಿನ ಕ್ಯಾಸೆಟ್ಟುಗಳಲ್ಲಿ ಸುರುಳಿಯ ಒಳಗಿನಿಂದ ಹೊರಬಂದ ಫಿಲ್ಮು ಮಸೂರದ ಮುಂದೆ ಹಾದು, ಅದೇ ಸುರುಳಿಯ ಹೊರಮೈಗೆ ಹೋಗಿ ಸುತ್ತಿಕೊಳ್ಳುತ್ತದೆ. ಆದ್ದರಿಂದ ಕಥೆ ಮುಗಿದ ಮರುಕ್ಷಣವೇ ಮೊದಲಾಗುತ್ತದೆ. ರೀಲು ಹಿಂದಕ್ಕೆ ಸುತ್ತುವ ಗೊಡವೆಯೇ ಇಲ್ಲ.

ಇಂಥ ಆಟಿಕೆಗಳ ಪೇಟೆಯಲ್ಲಿ ಫಿಶರ್-ಪ್ರೈಸ್ ಒಂದೇ ಇರಲಿಲ್ಲ. ಸಿನ್ಸಿನಾಟಿಯ ಕೆನ್ನರ್ ಕಂಪನಿಯ ‘ಗಿವ್-ಎ-ಶೋ’ ಪ್ರೊಜೆಕ್ಟರ್ ಅರುವತ್ತರ ದಶಕದ ಮನೆಗಳಲ್ಲಿ ಆಗಲೇ ಹೆಸರು ಮಾಡಿತ್ತು. ಒಂದೊಂದು ಪಟ್ಟಿಯಲ್ಲಿ ಏಳು ಬಣ್ಣದ ಸ್ಲೈಡುಗಳು, ಅಂಥ 16 ಪಟ್ಟಿಗಳು. ಟಾರ್ಚಿನ ಬೆಳಕಲ್ಲಿ ಮಲಗುವ ಕೋಣೆಯ ಗೋಡೆಯ ಮೇಲೆ ಒಟ್ಟು 112 ಚಿತ್ರಗಳು ಮೂಡುತ್ತಿದ್ದವು. ಅವು ಚಲಿಸದ ಚಿತ್ರಗಳು. 1978ರಲ್ಲಿ ಅದೇ ಕೆನ್ನರ್ ‘ಸ್ಟಾರ್ ವಾರ್ಸ್’ನ ತುಣುಕುಗಳುಳ್ಳ, ಕೈಯಿಂದ ತಿರುಗಿಸುವ ಮೂವಿ ವ್ಯೂವರ್ ತಂದಿತು. ಮನೆಮನೆಗೂ ವಿಡಿಯೋ ಇನ್ನೂ ಬಂದಿರದ ಕಾಲವದು. ಚಿತ್ರಮಂದಿರದಿಂದ ಸಿನಿಮಾ ಎತ್ತಂಗಡಿಯಾದ ಮೇಲೆ ಮಗುವಿಗೆ ಉಳಿಯುತ್ತಿದ್ದದ್ದು ನೆನಪು, ಪೋಸ್ಟರು ಮತ್ತು ಈ ಡಬ್ಬಿ.

ಸೂಪರ್‌ಹೀರೋಗಳ ಕಾರ್ಟೂನುಗಳಂತೂ ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಹಾರುವುದು, ನೆಗೆಯುವುದು, ಗೋಡೆ ಒಡೆಯುವುದು, ಗುದ್ದುವುದು: ಯಾವುದಕ್ಕೂ ಮಾತು ಬೇಕಿಲ್ಲ. ಫ್ಲೈಶರ್ ಸ್ಟುಡಿಯೋ 1941ರಲ್ಲಿ ಆರಂಭಿಸಿದ ಸೂಪರ್‌ಮ್ಯಾನ್ ಸರಣಿಯಲ್ಲಿ 1943ರೊಳಗೆ 17 ಕಿರುಚಿತ್ರಗಳು ಬಂದವು. ನೆರಳು ಬೆಳಕಿನ ಆಟ ತುಂಬಿದ ಆ ಚಿತ್ರಗಳನ್ನು ಮೂಕಿಯಾಗಿ ನೋಡಿದರೂ ಕಥೆ ತಿಳಿಯುತ್ತದೆ. 

ಟಿ.ವಿ.ಗಾಗಿ ಅಗ್ಗದಲ್ಲಿ ತಯಾರಾದ ಸರಣಿಗಳ ಕತೆ ಬೇರೆ. 1967ರ ಸ್ಪೈಡರ್‌ಮ್ಯಾನ್ ಸರಣಿಯಲ್ಲಿ ಚಿತ್ರಗಾರರ ಕೆಲಸ ಹಗುರ ಮಾಡಲು ಅವನ ಉಡುಪಿನ ಜೇಡರಬಲೆಯ ಗೆರೆಗಳನ್ನು ಮುಖವಾಡ, ಕೈಗವಸು, ಬೂಟು ಮುಂತಾದ ಕೆಲವೇ ಕಡೆ ಬಿಡಿಸಿದರು. ಬಲೆ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ತೂಗುವ ಅದೇ ಕೆಲವು ಶಾಟುಗಳನ್ನು ಕಂತು ಕಂತಿನಲ್ಲೂ ಮತ್ತೆ ಬಳಸಿದರು. ಹಿಂದಿನ ವರ್ಷದ ‘ದಿ ಮಾರ್ವೆಲ್ ಸೂಪರ್ ಹೀರೋಸ್’ನಲ್ಲಿ ಕಾಮಿಕ್ಸ್ ಪುಟಗಳ ಚಿತ್ರಗಳನ್ನೇ ನಕಲು ತೆಗೆದು, ಅಲ್ಲಲ್ಲಿ ತುಟಿಯನ್ನೋ ಕೈಯನ್ನೋ ಆಡಿಸಿದ್ದರು. ಟಿ.ವಿ.ಯಲ್ಲಿ ಕೊರತೆಯಾಗಿ ಕಾಣುವ ಈ ಪುನರಾವರ್ತನೆ, ಕೊನೆಯೇ ಇಲ್ಲದ ಸುತ್ತು ಫಿಲ್ಮಿನಲ್ಲಿ ಗುಣವಾಗುತ್ತದೆ. ಅಲ್ಲಿ ನಾಯಕ ತೂಗುತ್ತಲೇ ಇರಬೇಕು, ಅದೇ ಸೊಗಸು.

ಕರ್ನಾಟಕದ ಮಕ್ಕಳ ಕೈಗೆ ಇಂಥ ವ್ಯೂವರ್ ಸಿಕ್ಕಿದ್ದು ಅಪರೂಪ. ಆದರೆ ಅದರ ಒಳಗುಟ್ಟು ಇಲ್ಲಿನವರಿಗೆ ಹೊಸದಲ್ಲ. ಟೂರಿಂಗ್ ಟಾಕೀಸಿನ ಸುತ್ತಮುತ್ತ ಬಿದ್ದ ಫಿಲ್ಮಿನ ತುಂಡುಗಳನ್ನು ಹೆಕ್ಕಿ ತಂದು, ಕೆಟ್ಟ ಬಲ್ಬಿನ ಒಳಗನ್ನು ತೆಗೆದು ನೀರು ತುಂಬಿ ಮಸೂರ ಮಾಡಿ, ಕನ್ನಡಿಯಿಂದ ಬಿಸಿಲನ್ನು ಕತ್ತಲೆ ಕೋಣೆಗೆ ಹಾಯಿಸಿ, ಬಿಳಿ ಪಂಚೆಯ ಮೇಲೆ ರಾಜಕುಮಾರ್ ಅವರನ್ನು ಮೂಡಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಜಾತ್ರೆಗಳಲ್ಲಿ ಫಿಲ್ಮ್ ತುಂಡು ಸಿಕ್ಕಿಸಿ ನೋಡುವ ಪುಟ್ಟ ಡಬ್ಬಿಗಳೂ ಸಿಗುತ್ತಿದ್ದವು. ಆದರೆ ಆ ಚಿತ್ರಗಳು ಅಲುಗುತ್ತಿರಲಿಲ್ಲ. ನಿಂತ ಚಿತ್ರ ಯಾವ ಗಳಿಗೆಯಲ್ಲಿ ಓಟವಾಗುತ್ತದೆ ಎಂಬುದನ್ನು ಕೈಯಿಂದಲೇ ಕಂಡುಕೊಳ್ಳಲು ಹಿಡಿಕೆಯೇ ಬೇಕಿತ್ತು. ಇಂದಿನ ಮಗು ಮೊಬೈಲಿನ ಪರದೆಯನ್ನು ಒತ್ತಿ ವಿಡಿಯೋ ನಿಲ್ಲಿಸಬಲ್ಲದು; ಚೌಕ ಚೌಕವಾಗಿ ಅದನ್ನು ಎಳೆದು ನಡೆಸುವ ಆ ಸಣ್ಣ ಪ್ರತಿರೋಧ ಅದರ ಬೆರಳಿಗೆ ಸಿಗುವುದಿಲ್ಲ. ಹಳೆಯ ವ್ಯೂವರ್‌ಗಳನ್ನು ಹುಡುಕಿಕೊಂಡು ಹೋಗುವವರ ಹಂಬಲಕ್ಕೆ ಬಾಲ್ಯದ ಮೋಹದ ಜೊತೆಗೆ ಈ ಕಾರಣವೂ ಇದೆ.

ಹುಡುಕಿದವರಿಗೆಲ್ಲ ಸುಸ್ಥಿತಿಯ ಕ್ಯಾಸೆಟ್ಟು ಸಿಗುವುದಿಲ್ಲ. ಆ ಕಾಲದ ಬಣ್ಣದ ಪ್ರತಿಗಳಲ್ಲಿ ಮೊದಲು ಮಾಸುವುದು ಹಸಿರುನೀಲಿ ವರ್ಣದ್ರವ್ಯ. ಅದು ಹೋದಮೇಲೆ ಆಕಾಶ ಗುಲಾಬಿಯಾಗುತ್ತದೆ. ಸ್ಪೈಡರ್‌ಮ್ಯಾನ್‌ನ ಉಡುಪಿನಲ್ಲಿ ಕೆಂಪು ಉಳಿದು ನೀಲಿ ಕೈಕೊಡುತ್ತದೆ. ಅಸಿಟೇಟ್ ಫಿಲ್ಮು ಶಾಖ, ತೇವಕ್ಕೆ ಸಿಕ್ಕಿ ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ, ಮುದುಡುತ್ತದೆ, ತೂತುಗಳು ಕೊಕ್ಕೆಗೆ ಹೊಂದುವುದಿಲ್ಲ. ಬಿಗಿಯಾದ ಹಿಡಿಕೆಯನ್ನು ಬಲವಂತವಾಗಿ ತಿರುಗಿಸಿದರೆ ತೂತುಗಳು ಹರಿದು ಚಿತ್ರ ಮುಂದೆ ಸರಿಯದೆ ಒಂದೇ ಕಡೆ ಕುಣಿಯುತ್ತದೆ.

ಈ ಹಾಳುವಿಕೆ ಕೇವಲ ಆಟಿಕೆಯ ನಷ್ಟವಲ್ಲ. ‘ಲೋನ್ಸಮ್ ಗೋಸ್ಟ್ಸ್’ ಪೂರ್ತಿಯಾಗಿ ಉಳಿದಿದೆ, ಫ್ಲೈಶರ್ ಸೂಪರ್‌ಮ್ಯಾನ್ ಚಿತ್ರಗಳೂ ಉಳಿದಿವೆ. ಅವುಗಳನ್ನು ಯಾರು ಬೇಕಾದರೂ ನೋಡಬಹುದು. ಆದರೆ ಆಟಿಕೆಗಾಗಿ ಕತ್ತರಿಸಿದ ಮೂಕಿ ಆವೃತ್ತಿಗಳು ಬೇರೆಯದೇ ಕೃತಿಗಳು. ಹಲವು ನಿಮಿಷಗಳ ಚಿತ್ರದಿಂದ ಮಾತಿಲ್ಲದೆ ಅರ್ಥವಾಗುವ ಶಾಟುಗಳನ್ನಷ್ಟೇ ಆರಿಸಿ, ಪುಟ್ಟ ಸುತ್ತಿಗೆ ಹೊಂದಿಸಿದ ಸಂಕಲನಕಾರರ ಹೆಸರು ಡಬ್ಬಿಯ ಮೇಲಿಲ್ಲ. ಅವರ ಕೈಚಳಕ ಉಳಿದಿರುವುದು ಬಹುಪಾಲು ಈ ಕ್ಯಾಸೆಟ್ಟುಗಳಲ್ಲೇ. ಹಾಗಾಗಿ ಹಳೆಯ ಪೆಟ್ಟಿಗೆಯಲ್ಲಿ ಇಂಥದೊಂದು ಸಿಕ್ಕವರು ಮೊದಲು ಹಿಡಿಕೆಗೆ ಕೈ ಹಾಕದೆ, ಫಿಲ್ಮು ಸಡಿಲವಾಗಿ ಸರಿಯುತ್ತದೆಯೇ, ವಿನೆಗರ್ ವಾಸನೆ ಇದೆಯೇ ಎಂದು ನೋಡಬೇಕು. ಬಣ್ಣ ಇನ್ನಷ್ಟು ಮಾಸುವ ಮುನ್ನ ಪ್ರತಿ ಚೌಕವನ್ನೂ ಸ್ಕ್ಯಾನ್ ಮಾಡಿಸಿಟ್ಟು, ಕ್ಯಾಸೆಟ್ಟನ್ನು ತಂಪಾದ ಒಣ ಜಾಗದಲ್ಲಿ ಇರಿಸಬೇಕು.