ಮಕ್ಕಳು ತಾವೇ ಮಾಡುವ ವಾದ್ಯಗಳು

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮಿಡಿದ ತಂತಿಯಿಂದ ನುಡಿಯುವ ವೀಣೆಯಂಥವು ತತ, ಊದಿದ ಉಸಿರಿನಿಂದ ನುಡಿಯುವ ಕೊಳಲಿನಂಥವು ಸುಷಿರ, ಬಿಗಿದ ಚರ್ಮದಿಂದ ನುಡಿಯುವ ಮೃದಂಗದಂಥವು ಅವನದ್ಧ, ತಮ್ಮ ಮೈಯೇ ಕಂಪಿಸಿ ನುಡಿಯುವ ತಾಳ, ಜಾಗಟೆಗಳಂಥವು ಘನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯದ ವಿಕ್ಟರ್ ಮಾಹಿಯೋ ಅವರು ಈ ವಿಂಗಡಣೆಯನ್ನೇ ಆಧಾರವಾಗಿ ಇಟ್ಟುಕೊಂಡರು. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಎಂಬ ವಿದ್ವಾಂಸರು ಅದನ್ನು ಇನ್ನಷ್ಟು ವಿಸ್ತರಿಸಿದರು. ಹೀಗೆ ದೂರದವರೆಗೆ ಹಬ್ಬಿದ ಈ ವಿಂಗಡಣೆಯ ನಾಲ್ಕೂ ಬಗೆಗೆ ಸೇರುವ ವಾದ್ಯಗಳನ್ನು ಖಾಲಿ ಡಬ್ಬಿ, ಬಾಟಲಿ, ದಾರ, ಬಲೂನು, ತೆಂಗಿನ ಗರಿಗಳಿಂದ ನಾಲ್ಕೈದು ವರ್ಷದ ಮಗುವೂ ದೊಡ್ಡವರ ನೆರವಿನಿಂದ ಮಾಡಬಲ್ಲದು.

ಅಂಗಡಿಯಲ್ಲಿ ಸಿಗುವ ಬ್ಯಾಟರಿಯ ಆಟಿಕೆ ಗುಂಡಿ ಒತ್ತಿದಾಗಲೆಲ್ಲ ಅದೇ ದನಿಯನ್ನು ಹೊರಡಿಸುತ್ತದೆ. ದನಿ ಎಲ್ಲಿಂದ ಬಂತೆಂದು ನೋಡಲು ಅದರ ಒಳಗೆ ಮಗುವಿಗೆ ದಾರಿಯಿಲ್ಲ. ತಾನೇ ಮಾಡಿದ ವಾದ್ಯವನ್ನಾದರೋ ಕತ್ತರಿಸಬಹುದು, ಬಿಗಿಯಬಹುದು, ಸಡಿಲಿಸಬಹುದು, ನೀರು ತುಂಬಿಸಿ ಚೆಲ್ಲಬಹುದು, ಮತ್ತು ಹಾಗೆ ಮಾಡಿದಾಗಲೆಲ್ಲ ದನಿ ಬದಲಾಗುವುದನ್ನು ಕಿವಿಯಾರೆ ಕೇಳಬಹುದು. ಮನೆಯಲ್ಲಿ ಮಾಡಿದ ವಾದ್ಯದ ನಿಜವಾದ ಬೆಲೆ ಇರುವುದು ಈ ಗುಣದಲ್ಲಿ. ಅದು ಅಗ್ಗ ಎಂಬುದು ಆಮೇಲಿನ ಮಾತು.

ಇದಕ್ಕೆ ಒಂದು ಗಾಜಿನ ಬಾಟಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಖಾಲಿ ಬಾಟಲಿಯನ್ನು ಚಮಚದಿಂದ ಮೆಲ್ಲಗೆ ತಟ್ಟಿ, ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತ ಮತ್ತೆ ಮತ್ತೆ ತಟ್ಟಿದರೆ ಸ್ವರ ಇಳಿಯುತ್ತ ಹೋಗುತ್ತದೆ. ಅದೇ ಬಾಟಲಿಯ ಬಾಯಿಗೆ ಕೆಳದುಟಿಯನ್ನು ತಾಗಿಸಿ ಅಡ್ಡಲಾಗಿ ಊದಿದರೆ, ನೀರು ಹೆಚ್ಚಿದಂತೆಲ್ಲ ಸ್ವರ ಏರುತ್ತದೆ. ತಟ್ಟಿದಾಗ ಕಂಪಿಸುವುದು ಗಾಜು. ನೀರಿನ ಭಾರ ಸೇರಿದಷ್ಟೂ ಅದರ ಕಂಪನ ನಿಧಾನವಾಗುತ್ತದೆ. ಊದಿದಾಗ ಕಂಪಿಸುವುದು ಒಳಗಿನ ಗಾಳಿ. ನೀರು ಏರಿದಷ್ಟೂ ಗಾಳಿಯ ಜಾಗ ಕಿರಿದಾಗಿ ಕಂಪನ ಚುರುಕಾಗುತ್ತದೆ. ಒಂದೇ ಬಾಟಲಿ ತಟ್ಟಿದಾಗ ಘನವಾದ್ಯ, ಊದಿದಾಗ ಸುಷಿರವಾದ್ಯ. ಪಿಂಗಾಣಿ ಬಟ್ಟಲುಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ ಕಡ್ಡಿಗಳಿಂದ ನುಡಿಸುವ ಜಲತರಂಗವು ಇದರಲ್ಲಿ ಮೊದಲನೆಯ ನಿಯಮದ ಮೇಲೆಯೇ ನಿಂತಿದೆ. ಈ ವಿರೋಧವನ್ನು ಮಗುವಿಗೆ ಮೊದಲೇ ಹೇಳಿಬಿಡುವುದು ಸಲ್ಲದು. ನೀರು ಹಾಕುವ ಮುನ್ನ ಸ್ವರ ಏರುವುದೋ ಇಳಿಯುವುದೋ ಎಂದು ಕೇಳಿ, ಅದು ಊಹಿಸಿದ ಬಳಿಕ ನುಡಿಸಿ ನೋಡಲು ಬಿಟ್ಟರೆ ಸಾಕು.

ಪೀಪಿಯ ಕತೆಯೂ ಸ್ವಾರಸ್ಯವಾದದ್ದು. ತೆಂಗಿನ ಗರಿಯನ್ನು ಸುರುಳಿಯಾಗಿ ಸುತ್ತಿ, ಬಿಚ್ಚಿಕೊಳ್ಳದಂತೆ ಕಡ್ಡಿ ಚುಚ್ಚಿ, ಕಿರಿದಾದ ತುದಿಯನ್ನು ಚಪ್ಪಟೆಯಾಗಿ ಒತ್ತಿ ಊದುವುದನ್ನು ಕರಾವಳಿ, ಮಲೆನಾಡುಗಳ ಮಕ್ಕಳಿಗೆ ಯಾರೂ ಪಾಠವಾಗಿ ಕಲಿಸಿದ್ದಲ್ಲ. ಗರಿ ಸಿಗದ ಪಟ್ಟಣದಲ್ಲಿ ತಂಪು ಪಾನೀಯ ಹೀರುವ ಸ್ಟ್ರಾ ಆ ಕೆಲಸ ಮಾಡುತ್ತದೆ. ಅದರ ಒಂದು ತುದಿಯನ್ನು ಸುಮಾರು ಎರಡು ಸೆಂಟಿಮೀಟರಿನಷ್ಟು ಚಪ್ಪಟೆ ಮಾಡಿ, ಎರಡೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಮೊನೆ ಮಾಡಿದರೆ, ನಾಗಸ್ವರ, ಶಹನಾಯಿಗಳಲ್ಲಿರುವಂತೆ ಒಂದಕ್ಕೊಂದು ಬಡಿದು ಕಂಪಿಸುವ ಜೋಡಿ ನಾಲಿಗೆ ಸಿದ್ಧವಾಗುತ್ತದೆ. ಆ ಭಾಗವನ್ನು ತುಟಿಗಳ ನಡುವೆ ಮೆತ್ತಗೆ ಅದುಮಿ ಊದುತ್ತಿರುವಾಗ ದೊಡ್ಡವರೊಬ್ಬರು ಇನ್ನೊಂದು ತುದಿಯನ್ನು ತುಂಡು ತುಂಡಾಗಿ ಕತ್ತರಿಸುತ್ತ ಬಂದರೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಪ್ಪತ್ತು ಸೆಂಟಿಮೀಟರಿನ ಸ್ಟ್ರಾ ಹತ್ತಕ್ಕೆ ಇಳಿಯುವ ಹೊತ್ತಿಗೆ ಅದು ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ, ಮೇಲೇರಿರುತ್ತದೆ.

ಡಬ್ಬಿಯ ಬಾಯಿಗೆ ಕತ್ತರಿಸಿದ ಬಲೂನನ್ನು ಎಳೆದು ಕಟ್ಟಿದರೆ ಅವನದ್ಧವಾದ್ಯವಾಗುತ್ತದೆ. ಅದರ ಮೇಲೆ ಚಿಟಿಕೆ ರವೆ ಉದುರಿಸಿ, ಪಕ್ಕದಲ್ಲಿ ಇನ್ನೊಂದು ಡಬ್ಬಿಯನ್ನು ಜೋರಾಗಿ ಬಡಿದರೆ ರವೆಯ ಕಾಳುಗಳು ಕುಣಿಯುತ್ತವೆ. ದನಿಯೆಂಬುದು ಗಾಳಿಯಲ್ಲಿ ಸಾಗುವ ಅದಿರಾಟ ಎಂಬುದನ್ನು ಚಿಕ್ಕ ಮಗುವಿಗೆ ಕಣ್ಣಿಗೆ ಕಾಣುವಂತೆ ತೋರಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಬಲೂನಿನ ನಡುವೆ ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ಮೆತ್ತಿ ಬಡಿದರೆ ನಾದ ತಗ್ಗುತ್ತದೆ. ಮೃದಂಗದ ವಿದ್ವಾಂಸರು ಕಛೇರಿಗೆ ಮುನ್ನ ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತುವುದೂ ಇದೇ ಕಾರಣಕ್ಕೆ.

ತಂತಿವಾದ್ಯಕ್ಕೆ ಒಂದು ಕಾಗದದ ಲೋಟ ಸಾಕು. ತಳದ ತೂತಿನಿಂದ ಗಟ್ಟಿ ದಾರವನ್ನು ತೂರಿಸಿ, ಹೊರಗೆ ಬೆಂಕಿಕಡ್ಡಿಯ ತುಂಡಿಗೆ ಕಟ್ಟಿ, ಬಾಯಿಯ ಕಡೆಯಿಂದ ಬಂದ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಮಿಡಿಯಬೇಕು. ಎಳೆತ ಹೆಚ್ಚಿದಂತೆ ಸ್ವರ ಏರುತ್ತದೆ. ಎಲ್ಲಮ್ಮನ ಪದಗಳನ್ನು ಹಾಡುವ ಜೋಗತಿಯರ ಚೌಡಿಕೆಯ ಒಂಟಿ ತಂತಿಯೂ ಹೀಗೆಯೇ ತಳದ ಚರ್ಮದಿಂದ ಹೊರಟು ಬಿಗಿತಕ್ಕೆ ತಕ್ಕಂತೆ ನುಡಿಯುತ್ತದೆ.

ಗಿಲಕಿಯ ಬಗ್ಗೆ ಮಾತ್ರ ಎಚ್ಚರಿಕೆಯ ಮಾತು ಅಗತ್ಯ. ರಾಗಿ, ಹೆಸರುಕಾಳು, ಸಣ್ಣ ಕಲ್ಲು ಯಾವುದನ್ನಾದರೂ ಡಬ್ಬಿಗೆ ಹಾಕಬಹುದು, ಆದರೆ ನೋಡಲು ಚೆಂದವೆಂದು ಗುಲಗಂಜಿಯನ್ನಾಗಲಿ ಹರಳು ಬೀಜವನ್ನಾಗಲಿ ಎಂದೂ ಹಾಕಬಾರದು. ಅಗಿದು ನುಂಗಿದರೆ ಎರಡೂ ಪ್ರಾಣಾಂತಕ ವಿಷ. ಮೂರು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಕಾಳು, ಬಲೂನಿನ ಚೂರು ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಮುಚ್ಚಳವನ್ನು ಅಂಟುಪಟ್ಟಿಯಿಂದ ಭದ್ರಪಡಿಸಿ ದೊಡ್ಡವರು ಪಕ್ಕದಲ್ಲೇ ಇರಬೇಕು.

ಶಾಲೆಗಳಲ್ಲಿ ಇಂಥ ವಾದ್ಯಗಳನ್ನು ಮಾಡಿಸುವಾಗ ಬಣ್ಣದ ಕಾಗದ, ಮಿನುಗುಗಳಿಗೇ ಹೊತ್ತೆಲ್ಲ ಕಳೆದು, ವಸ್ತುಪ್ರದರ್ಶನದ ಮೇಜಿನ ಮೇಲಿಟ್ಟ ವಾದ್ಯವನ್ನು ಯಾರೂ ಮುಟ್ಟದಂತಾಗುವುದು ವಿಷಾದದ ಸಂಗತಿ. ಅಂಗನವಾಡಿ ಕಾರ್ಯಕರ್ತೆಯರೂ ನಲಿಕಲಿ ತರಗತಿಯ ಶಿಕ್ಷಕರೂ ತಂದೆತಾಯಿಯರೂ ಅಲಂಕಾರವನ್ನು ಕೊನೆಗಿಟ್ಟು, ಮಗು ತನ್ನ ವಾದ್ಯವನ್ನು ಬಿಚ್ಚಿ, ಬದಲಿಸಿ, ಮತ್ತೆ ನುಡಿಸಿ ನೋಡಲು ಸಾಕಷ್ಟು ಸಮಯ ಕೊಡಬೇಕು. ಆ ಪ್ರಯತ್ನದಲ್ಲಿ ಒಂದೆರಡು ವಾದ್ಯಗಳು ಹಾಳಾದರೆ ಗದರಿಸದೆ ಇನ್ನೊಂದು ಡಬ್ಬಿಯನ್ನು ಅದರ ಕೈಗೆ ಕೊಡಬೇಕು.